ಪಾರ್ಶ್ವವಾಯುವಿನ ನಂತರ ನಡುವಿನ ಹಿಡಿತ, ದೇಹದ ಸಮತೋಲನ: ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮನೆಮಂದಿ ಮೊದಲು ಕೇಳುವುದು ‘ಯಾವಾಗ ನಡೀತಾರೆ?’ ಎಂದು. ಅವರು ಮಂಚದ ಅಂಚಿನಲ್ಲಿ ಹೇಗೆ ಕೂರುತ್ತಾರೆ ಎಂದು ನೋಡಿದರೆ ಆ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಈ ಪುಟ ಕೂರುವುದರಿಂದ ಶುರುವಾಗಿ ನಿಲ್ಲುವವರೆಗೆ ಬರುವ ಪ್ರಶ್ನೆಗಳದ್ದು. ಲಕ್ವ ಹೊಡೆದ ಬದಿಯನ್ನು ಉದ್ದಕ್ಕೂ ‘ಸೋತ ಬದಿ’, ಚೆನ್ನಾಗಿರುವ ಇನ್ನೊಂದನ್ನು ‘ಗಟ್ಟಿ ಬದಿ’ ಎಂದೇ ಕರೆದಿದ್ದೇವೆ. ಇಲ್ಲಿರುವ ವ್ಯಾಯಾಮಗಳನ್ನು ಒಮ್ಮೆಯಾದರೂ ಫಿಸಿಯೋಥೆರಪಿಸ್ಟ್ ಎದುರು ಮಾಡಿ ತೋರಿಸಿದ ಮೇಲೆ ಮನೆಯಲ್ಲಿ ಮುಂದುವರಿಸಿ.

ಲಕ್ವ ಹೊಡೆದಿರುವುದು ಕೈಕಾಲಿಗೆ. ಫಿಸಿಯೋ ಮಾತ್ರ ದಿನವೂ ‘ಕೂರಿಸಿ, ವಾಲಿಸಿ, ತಿರುಗಿಸಿ’ ಅನ್ನುತ್ತಾರೆ. ಯಾಕೆ?

ನೀವೇ ನಿಂತುಕೊಂಡು ಒಂದು ಕೈಯನ್ನು ಬೇಗನೆ ಮುಂದಕ್ಕೆ ಎತ್ತಿ ನೋಡಿ. ಕೈ ಮೇಲೇಳುವ ಮೊದಲೇ ಬೆನ್ನು, ಹೊಟ್ಟೆ, ತೊಡೆಯ ಹಿಂಭಾಗದ ಸ್ನಾಯುಗಳು ಬಿಗಿದುಕೊಂಡಿರುತ್ತವೆ. ಕೈಯ ಭಾರಕ್ಕೆ ದೇಹ ಮುಗ್ಗರಿಸದಿರಲಿ ಎಂದು ಮೆದುಳು ಮಾಡಿಕೊಳ್ಳುವ ಮುಂಗಡ ವ್ಯವಸ್ಥೆ ಅದು. ಪಾರ್ಶ್ವವಾಯುವಿನಲ್ಲಿ ಈ ಬಿಗಿತ ತಡವಾಗಿ ಬರುತ್ತದೆ, ಕೆಲವರಲ್ಲಿ ಬರುವುದೇ ಇಲ್ಲ. ಲೋಟಕ್ಕೆ ಕೈ ಚಾಚಿದವರು ಲೋಟದ ಮೇಲೇ ಬೀಳುವುದು ಇದರಿಂದ.

ಬೆರಳುಗಳಿಗೆ ಆಜ್ಞೆ ಬರುವುದು ಬಹುಪಾಲು ಎದುರು ಬದಿಯ ಮೆದುಳಿನಿಂದ. ನಡುವಿನ, ಅಂದರೆ ಬೆನ್ನು, ಹೊಟ್ಟೆ, ಪಕ್ಕೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಬದಿಯಿಂದ ನರಗಳು ಬರುತ್ತವೆ. ಹಾಗಾಗಿ ನಡು ಕೈಯ ಹಾಗೆ ಪೂರ್ತಿ ಸೋಲುವುದು ಅಪರೂಪ, ಅದು ಒಳ್ಳೆಯ ಸುದ್ದಿ. ಆದರೆ ಅದೇ ಕಾರಣಕ್ಕೆ ಚೆನ್ನಾಗಿದೆ ಎಂದುಕೊಂಡ ಬದಿಯೂ ಸ್ವಲ್ಪ ಬಲ ಕಳೆದುಕೊಂಡಿರುತ್ತದೆ. ವ್ಯಾಯಾಮ ಎರಡೂ ಬದಿಗೆ ಬೇಕು.

ನೆದರ್ಲ್ಯಾಂಡ್ಸ್‌ನಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಮೊದಲ 72 ಗಂಟೆಯೊಳಗೆ ಆಸರೆಯಿಲ್ಲದೆ 30 ಸೆಕೆಂಡು ಕೂತು, ಸೋತ ಕಾಲನ್ನು ಸ್ವಲ್ಪವಾದರೂ ಅಲುಗಿಸಬಲ್ಲವರಾಗಿದ್ದವರಲ್ಲಿ ಬಹುತೇಕ ಎಲ್ಲರೂ 6 ತಿಂಗಳ ಹೊತ್ತಿಗೆ ತಾವಾಗಿಯೇ ನಡೆಯುತ್ತಿದ್ದರು. ಚಿಕಿತ್ಸೆಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ 68 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿತು. ನಡುವಿಗೆ ಕೊಟ್ಟ ತರಬೇತಿಯಿಂದ ನಡುವಿನ ಹಿಡಿತದ ಜೊತೆಗೆ ನಿಂತಾಗಿನ ಸಮತೋಲನ ಮತ್ತು ನಡಿಗೆ ಕೂಡ ಸುಧಾರಿಸಿದ್ದು ಅದರಲ್ಲಿ ಕಂಡುಬಂತು.

ಎಷ್ಟು ಬೇಗ ಶುರು ಮಾಡಬಹುದು?

ಬೇಗ ಒಳ್ಳೆಯದು, ಆದರೆ ಆತುರ ಒಳ್ಳೆಯದಲ್ಲ. 2015ರಲ್ಲಿ ಪ್ರಕಟವಾದ ಅವರ್ಟ್ ಎಂಬ ಪ್ರಯೋಗದಲ್ಲಿ 2,104 ರೋಗಿಗಳಿದ್ದರು. 24 ಗಂಟೆಯೊಳಗೆ ಶುರುಮಾಡಿ ಪದೇ ಪದೇ, ಹೆಚ್ಚು ಹೊತ್ತು ಎಬ್ಬಿಸಿದ ಗುಂಪಿನಲ್ಲಿ ಮೂರು ತಿಂಗಳ ನಂತರ ಚೆನ್ನಾಗಿದ್ದವರು 46%. ಎಂದಿನ ಆರೈಕೆ ಪಡೆದ ಗುಂಪಿನಲ್ಲಿ 50%. ಹಾಗಾಗಿ ಮೊದಲ ದಿನವೇ ಇಬ್ಬರು ಹೆಗಲು ಕೊಟ್ಟು ನಡೆಸುವ ಸಾಹಸ ಬೇಡ. ರಕ್ತದೊತ್ತಡ ಸ್ಥಿರವಾಗಿದೆ ಎಂದು ವೈದ್ಯರು ಹೇಳಿದ ಮೇಲೆ, ಸಾಮಾನ್ಯವಾಗಿ 24ರಿಂದ 48 ಗಂಟೆಯ ನಡುವೆ, ಮಂಚದ ಅಂಚಿನಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಕೂರಿಸುವುದರಿಂದ ಆರಂಭ. ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದವರಿಗೆ, ಶಸ್ತ್ರಚಿಕಿತ್ಸೆ ಆದವರಿಗೆ ಸಮಯವನ್ನು ವೈದ್ಯರೇ ಹೇಳಬೇಕು.

ಮನೆಯಲ್ಲಿ ಶುರು ಮಾಡುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಮೊದಲು ಆಸನ. ಸೋಫಾ ಬೇಡವೇ ಬೇಡ: ಪಿರ್ರೆ ಹೂತುಹೋಗಿ ಬೆನ್ನು ಗೂನಾಗುತ್ತದೆ. ಪ್ಲಾಸ್ಟಿಕ್ ಕುರ್ಚಿಯೂ ಬೇಡ, ಟೈಲ್ಸ್ ಮೇಲೆ ಒಂದು ಬದಿಗೆ ಭಾರ ಬಿದ್ದಾಗ ಅದರ ಕಾಲುಗಳು ಅಗಲವಾಗಿ ಜಾರುತ್ತವೆ. ಗಟ್ಟಿ ಹಲಗೆಯ ಮಂಚ ಅಥವಾ ಕೈಯಿಲ್ಲದ ಮರದ ಬೆಂಚನ್ನು ಗೋಡೆಗೆ ಒತ್ತಿ ಇಡಿ. ಎತ್ತರ ಸುಮಾರು 45 ಸೆಂ.ಮೀ. ಇದ್ದರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಎರಡೂ ಅಂಗಾಲು ಪೂರ್ತಿ ನೆಲಕ್ಕೆ ತಾಗಿರಬೇಕು. ಕುಳ್ಳಗಿನವರಾದರೆ ಕಾಲ ಕೆಳಗೆ ಮಣೆ ಇಡಿ. ಕಾಲು ನೇತಾಡುತ್ತಿದ್ದರೆ ನಡುವಿನ ವ್ಯಾಯಾಮಕ್ಕೆ ಅರ್ಧ ಅರ್ಥವೂ ಉಳಿಯುವುದಿಲ್ಲ. ಎದುರಿಗೆ ದೊಡ್ಡ ಕನ್ನಡಿ ಇದ್ದರೆ ಅನುಕೂಲ.

ಎರಡನೆಯದು ನೀವು ನಿಲ್ಲುವ ಜಾಗ. ಸೋತ ಬದಿಯಲ್ಲಿ, ಸ್ವಲ್ಪ ಮುಂದಕ್ಕೆ. ಹಿಡಿಯಬೇಕಾದದ್ದು ಸೊಂಟವನ್ನು, ಅಥವಾ ನಡುವಿಗೆ ಕಟ್ಟಿದ ಅಗಲವಾದ ಕ್ಯಾನ್ವಾಸ್ ಬೆಲ್ಟನ್ನು. ಕೈಯನ್ನು, ಕಂಕುಳನ್ನು, ಪಂಚೆಯನ್ನು ಹಿಡಿಯಬಾರದು.

ಮೂರನೆಯದು ರಕ್ತದೊತ್ತಡ. ಮಲಗಿದಾಗ ಒಮ್ಮೆ, ಕೂತ ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಕೆಳಗಿನ ಅಂಕಿ 10 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ತಲೆಸುತ್ತಿ ಬೀಳುವ ಸಂಭವವಿದೆ. ಅಂದು ಹಾಸಿಗೆಯ ವ್ಯಾಯಾಮವಷ್ಟೇ ಮಾಡಿಸಿ, ವೈದ್ಯರಿಗೆ ತಿಳಿಸಿ. ವೈದ್ಯರು ಬೇರೆ ಮಿತಿ ಹೇಳಿರದಿದ್ದರೆ, ಕೂತಲ್ಲೇ 180/110 ದಾಟಿದ ದಿನ ವ್ಯಾಯಾಮ ಬೇಡ. ಊಟವಾದ ಮೇಲೆ ಒಂದು ಗಂಟೆ ಬಿಡಿ. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡಬಾರದು.

ಎದೆನೋವು, ಉಸಿರು ಕಟ್ಟುವುದು, ಕಣ್ಣು ಕತ್ತಲೆ ಬರುವುದು ಕಂಡರೆ ಅಲ್ಲಿಗೇ ನಿಲ್ಲಿಸಿ. ಒಂದು ಮೀನಖಂಡ ಮಾತ್ರ ಊದಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಬೇಡಿ, ಆಸ್ಪತ್ರೆಗೆ ಹೋಗಿ. ಬಾಯಿ ಹೊಸದಾಗಿ ಸೊಟ್ಟಗಾಗುವುದು, ಮಾತು ತೊದಲುವುದು, ಸರಿಯಾಗಿದ್ದ ಕೈಕಾಲು ಸೋಲುವುದು ಎಂದರೆ ಮತ್ತೊಂದು ಪಾರ್ಶ್ವವಾಯು. ತಡಮಾಡದೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಕಾಶ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ‘ಸ್ವಲ್ಪ ಮಲಗಲಿ, ಸರಿಹೋಗುತ್ತೆ’ ಎಂದು ಕಾಯುವುದರಲ್ಲೇ ಅದು ಕಳೆದುಹೋಗುತ್ತದೆ.

ಇನ್ನೂ ಕೂರಲು ಆಗುತ್ತಿಲ್ಲ. ಹಾಸಿಗೆಯಲ್ಲೇ ಮಾಡಿಸಬಹುದಾದದ್ದು ಏನು?

ಮೊದಲನೆಯದು ಸೊಂಟ ಎತ್ತುವುದು. ಅಂಗಾತ ಮಲಗಿಸಿ, ಎರಡೂ ಮಂಡಿ ಮಡಚಿ, ಅಂಗಾಲು ಹಾಸಿಗೆಗೆ ಊರಿಸಿ. ಸೋತ ಕಾಲು ಜಾರುತ್ತದೆ, ಆದ್ದರಿಂದ ಅದರ ಪಾದದ ಮೇಲೆ ನಿಮ್ಮ ಒಂದು ಕೈ, ಮಂಡಿಯ ಮೇಲೆ ಇನ್ನೊಂದು ಕೈ ಇರಲಿ. ಮಂಡಿಯನ್ನು ಪಾದದ ಕಡೆಗೆ ಸ್ವಲ್ಪ ಒತ್ತುತ್ತಾ ‘ಸೊಂಟ ಎತ್ತಿ’ ಎನ್ನಿ. ಮೇಲೆ 5 ಎಣಿಸುವವರೆಗೆ ನಿಲ್ಲಿಸಿ ನಿಧಾನಕ್ಕೆ ಇಳಿಸಲಿ. 10 ಸಲ, ಎರಡು ನಿಮಿಷ ಬಿಡುವು, ಮತ್ತೆ 10 ಸಲ. ಎಣಿಕೆಯನ್ನು ಅವರೇ ಗಟ್ಟಿಯಾಗಿ ಹೇಳಲಿ, ಆಗ ಉಸಿರು ಬಿಗಿಹಿಡಿಯುವುದಿಲ್ಲ. ಉಸಿರು ಹಿಡಿದು ಮುಕ್ಕಿದರೆ ರಕ್ತದೊತ್ತಡ ಏರುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಗಟ್ಟಿ ಕಾಲೊಂದೇ ಕೆಲಸ ಮಾಡಿ ಸೊಂಟ ಓರೆಯಾಗಿ ಏಳುವುದು. ಹೊಕ್ಕುಳಿನ ಎರಡೂ ಕಡೆಯ ಸೊಂಟದ ಎಲುಬು ಒಂದೇ ಮಟ್ಟದಲ್ಲಿದೆಯೇ ನೋಡಿ. ಓರೆಯಾದರೆ ಗಟ್ಟಿ ಕಾಲಿನ ಪಾದವನ್ನು ನಾಲ್ಕು ಬೆರಳಷ್ಟು ಮುಂದಕ್ಕೆ ಸರಿಸಿ. ಅದರ ಹಿಡಿತ ಕಡಿಮೆಯಾಗಿ ಸೋತ ಬದಿ ದುಡಿಯಲೇಬೇಕಾಗುತ್ತದೆ. ಈ ಒಂದು ವ್ಯಾಯಾಮದಿಂದ ಬೆಡ್‌ಪ್ಯಾನ್ ಇಡುವುದು, ಬಟ್ಟೆ ಬದಲಿಸುವುದು ನಿಮಗೂ ಸುಲಭವಾಗುತ್ತದೆ.

ಎರಡನೆಯದು, ಅದೇ ಭಂಗಿಯಲ್ಲಿ ಎರಡೂ ಮಂಡಿ ಜೋಡಿಸಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸುವುದು. ಭುಜ ಹಾಸಿಗೆ ಬಿಟ್ಟು ಏಳಬಾರದು. ಮಂಡಿಗಳನ್ನು ಬೀಳಲು ಬಿಡದೆ ತಡೆದು ತಡೆದು ಇಳಿಸುವುದರಲ್ಲೇ ಕೆಲಸ ಇರುವುದು.

ಮೂರನೆಯದು ಮಗ್ಗುಲಾಗಿ ಏಳುವುದು. ಸೋತ ಬದಿಗೆ ಹೊರಳುವಾಗ ಆ ಭುಜವನ್ನು ಮೊದಲೇ ಮುಂದಕ್ಕೆ ಎಳೆದಿಡಿ, ಮೈಭಾರ ಭುಜದ ತುದಿಯ ಮೇಲೆ ಬೀಳಬಾರದು. ಕಾಲುಗಳನ್ನು ಮಂಚದಿಂದ ಇಳಿಬಿಟ್ಟು, ಮೊಣಕೈ ಊರಿ ಮೇಲಕ್ಕೆ ಬರಲಿ. ಅವರನ್ನು ನೇರ ಎಬ್ಬಿಸಿ ಕೂರಿಸಿದರೆ ದಿನಕ್ಕೆ ಆರೇಳು ಸಲ ಸಿಗುವ ಅಭ್ಯಾಸವನ್ನು ನೀವೇ ಕಸಿದುಕೊಂಡಂತೆ.

ಕೂತು ಮಾಡುವ ವ್ಯಾಯಾಮಗಳು ಯಾವುವು? ಕ್ರಮ ಹೇಗೆ?

ಈ ವಿಷಯಕ್ಕೆ ಹೆಚ್ಚು ಜಾಗ ಕೊಡುತ್ತೇವೆ, ಹೆಚ್ಚಿನವರು ಅವಸರದಲ್ಲಿ ದಾಟಿಹೋಗುವುದು ಇದನ್ನೇ.

ಮೊದಲು ಸೊಂಟ ನೆಟ್ಟಗಾಗಬೇಕು. ಲಕ್ವದ ನಂತರ ಹೆಚ್ಚಿನವರು ಬಾಲದೆಲುಬಿನ ಮೇಲೆ ಜಾರಿ, ಹೊಟ್ಟೆ ಒಳಗೆ ಮಡಚಿ ಕೂರುತ್ತಾರೆ. ‘ನೆಟ್ಟಗೆ ಕೂತ್ಕೊಳ್ಳಿ’ ಎಂದರೆ ತಲೆ ಎತ್ತುತ್ತಾರೆ, ಸೊಂಟ ಅಲ್ಲೇ ಇರುತ್ತದೆ. ನಿಮ್ಮ ಎರಡು ಅಂಗೈಯನ್ನು ಸೊಂಟದ ಎಲುಬಿನ ಎರಡು ಬದಿಗೆ ಇಟ್ಟು ಮುಂದಕ್ಕೆ ಉರುಳಿಸಿ, ಮತ್ತೆ ಹಿಂದಕ್ಕೆ ಬಿಡಿ. ಆ ಚಲನೆ ಗೊತ್ತಾದ ಮೇಲೆ ಅವರೇ ಮಾಡಲಿ: ನೆಟ್ಟಗೆ, ಸಡಿಲ, ನೆಟ್ಟಗೆ, ಸಡಿಲ. 10 ಸಲ. ಭುಜಗಳನ್ನು ಹಿಂದಕ್ಕೆ ಎಳೆದು ಎದೆ ಉಬ್ಬಿಸಿದರೆ ಅದು ಲೆಕ್ಕಕ್ಕಿಲ್ಲ.

ನಂತರ ಭಾರ ಪಕ್ಕಕ್ಕೆ ಸರಿಸುವುದು. ಬಲ ಪಿರ್ರೆಯ ಮೇಲೆ ಭಾರ ಹಾಕಿದಾಗ ಬಲ ಪಕ್ಕೆ ಉದ್ದವಾಗಬೇಕು, ಎಡ ಪಕ್ಕೆ ಮಡಚಬೇಕು, ತಲೆ ನಡುವೆಯೇ ಇರಬೇಕು. ಆಗುವ ತಪ್ಪು ಇದರ ಉಲ್ಟಾ: ತಲೆ, ಭುಜ ವಾಲುತ್ತವೆ, ಪಿರ್ರೆ ಕದಲುವುದೇ ಇಲ್ಲ. ಪರೀಕ್ಷೆಗೆ ಒಂದು ಉಪಾಯ: ಎದುರು ಬದಿಯ ಪಿರ್ರೆಯ ಕೆಳಗೆ ದಿನಪತ್ರಿಕೆಯ ಹಾಳೆ ಮಡಚಿ ಇಡಿ. ಭಾರ ನಿಜವಾಗಿ ಸರಿದಿದ್ದರೆ ಹಾಳೆ ಸಲೀಸಾಗಿ ಹೊರಗೆ ಬರುತ್ತದೆ. ಹರಿದರೆ ಸರಿದಿಲ್ಲ.

ಮೂರನೆಯ ಹೆಜ್ಜೆ ಮೊಣಕೈ ಊರಿ ಏಳುವುದು. ಪಕ್ಕದಲ್ಲಿ ಎರಡು ದಿಂಬು ಪೇರಿಸಿ. ನಿಧಾನವಾಗಿ ಆ ಬದಿಗೆ ಬಾಗಿ ಮೊಣಕೈಯನ್ನು ದಿಂಬಿಗೆ ತಾಗಿಸಿ, ಕೈಯಿಂದ ತಳ್ಳದೆ ಮತ್ತೆ ನೆಟ್ಟಗಾಗಲಿ. ಎರಡೂ ಬದಿಗೆ 8–10 ಸಲ. ಸುಲಭವಾದಂತೆ ಒಂದು ದಿಂಬು ತೆಗೆಯಿರಿ. ಸೋತ ಬದಿಗೆ ಬಾಗುವಾಗ ನಿಮ್ಮ ಕೈ ಅವರ ಭುಜದ ಕೆಳಗೇ ಇರಲಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಕೈಯಳತೆಗೆ ಮೀರಿ ಚಾಚುವುದು. ಆಸ್ಟ್ರೇಲಿಯಾದ ಕ್ಯಾಥರೀನ್ ಡೀನ್ ಮತ್ತು ರಾಬರ್ಟಾ ಶೆಪರ್ಡ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲಕ್ವವಾಗಿ ಒಂದು ವರ್ಷ ಕಳೆದವರಿಗೆ ಎರಡು ವಾರದಲ್ಲಿ 10 ಬಾರಿ ಇದನ್ನೇ ಮಾಡಿಸಿದರು. ಅವರು ಹೆಚ್ಚು ದೂರ, ಹೆಚ್ಚು ಬೇಗ ಚಾಚತೊಡಗಿದರು. ಸೋತ ಕಾಲಿನ ಮೇಲೆ ಬೀಳುವ ಭಾರವೂ ಹೆಚ್ಚಿತು. ಮನೆಯಲ್ಲಿ ಹೀಗೆ ಮಾಡಿಸಿ: ಎದುರಿಗೆ ಸ್ಟೂಲು ಇಟ್ಟು, ಕೈ ನೀಡಿದಾಗ ಬೆರಳ ತುದಿ ತಾಗುವ ಜಾಗ ಗುರುತಿಸಿ. ಚೆಂಬನ್ನು ಅದಕ್ಕಿಂತ ಒಂದು ಗೇಣು ಆಚೆ ಇಡಿ. ನೇರ ಮುಂದೆ, ಸೋತ ಬದಿಯ ಓರೆಗೆ, ಗಟ್ಟಿ ಬದಿಯ ಓರೆಗೆ, ನೆಲದಿಂದ ಎತ್ತಿಕೊಳ್ಳುವುದು, ತಲೆಗಿಂತ ಮೇಲಿನಿಂದ ಇಳಿಸಿಕೊಳ್ಳುವುದು, ಹೀಗೆ ಜಾಗ ಬದಲಿಸುತ್ತಿರಿ. ಗಟ್ಟಿ ಕೈಯಿಂದ ಸೋತ ಬದಿಯ ಓರೆಗೆ ಚಾಚುವುದಕ್ಕೆ ಹೆಚ್ಚು ಸಮಯ ಕೊಡಿ. ಆಗ ಸೋತ ಪಾದ ನೆಲವನ್ನು ಒತ್ತಲೇಬೇಕು. ಒತ್ತುತ್ತಿದೆಯೇ ಎಂದು ಅಂಗಾಲ ಕೆಳಗೆ ನಿಮ್ಮ ಬೆರಳು ತೂರಿಸಿ ನೋಡಬಹುದು.

ಅನಂತರ ನಡು ತಿರುಗಿಸುವುದು. ಮೊದಲು ಸೊಂಟ ಅಲುಗದಂತೆ ಭುಜಗಳನ್ನು ಎಡಬಲಕ್ಕೆ, ಆಮೇಲೆ ಭುಜ ಅಲುಗದಂತೆ ಮಂಡಿಗಳನ್ನು ಒಂದಾದ ಮೇಲೊಂದು ಮುಂದಕ್ಕೆ. ಎರಡನೆಯದು ಕಷ್ಟ, ಬೇಗ ಬರುವುದಿಲ್ಲ. ಅದು ಬಂದ ಮೇಲೆ ಬೆಂಚಿನ ಮೇಲೆ ಪಿರ್ರೆಯಲ್ಲೇ ‘ನಡೆದು’ ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ.

ಕುರ್ಚಿಯಿಂದ ಏಳುವಾಗ ಹಿಂದಕ್ಕೆ ದಪ್ಪನೆ ಬೀಳುತ್ತಾರೆ. ಏನು ತಪ್ಪಾಗುತ್ತಿದೆ?

ಹೆಚ್ಚಾಗಿ ಎರಡು ಕಾರಣ. ಪಾದಗಳು ತೀರಾ ಮುಂದಿವೆ, ಅಥವಾ ಅವರು ಸಾಕಷ್ಟು ಮುಂದಕ್ಕೆ ಬಾಗುತ್ತಿಲ್ಲ. ಕುರ್ಚಿಯ ಅಂಚಿಗೆ ಬಂದು, ಹಿಮ್ಮಡಿ ಮಂಡಿಗಿಂತ ನಾಲ್ಕು ಬೆರಳು ಹಿಂದೆ ಇರುವಂತೆ ಪಾದ ಇಡಿ. ಮೂಗು ಕಾಲಿನ ಹೆಬ್ಬೆರಳನ್ನು ದಾಟುವವರೆಗೆ ಬಾಗಿ, ಆಮೇಲೆ ಪಿರ್ರೆ ಎತ್ತಲಿ. ಮುಂದೆ ಬೀಳುವ ಭಯಕ್ಕೆ ಬಾಗುವುದಿಲ್ಲ ಎಂದಾದರೆ ಎದುರಿಗೆ ಒಂದು ಟೇಬಲ್ ಇಡಿ, ಧೈರ್ಯ ಬರುತ್ತದೆ. ಸೋತ ಪಾದವನ್ನು ಗಟ್ಟಿ ಪಾದಕ್ಕಿಂತ ಸ್ವಲ್ಪ ಹಿಂದೆ ಇಟ್ಟರೆ ಅದು ಹೆಚ್ಚು ದುಡಿಯುತ್ತದೆ.

ಆರಂಭದಲ್ಲಿ ಆಸನ 55–60 ಸೆಂ.ಮೀ. ಎತ್ತರಕ್ಕಿರಲಿ. 10 ಸಲ ನಿರಾಯಾಸವಾಗಿ ಎದ್ದ ಮೇಲೆ ಎರಡು ಬೆರಳಷ್ಟು ತಗ್ಗಿಸಿ. ಕೂರುವುದೂ ಅಷ್ಟೇ ಮುಖ್ಯ: ಕೊನೆಯ ಒಂದು ಗೇಣನ್ನು ಧೊಪ್ಪೆಂದು ಬೀಳದೆ ಇಳಿಸಿಕೊಳ್ಳಬೇಕು. ಕೈ ಹಿಡಿದು ಮೇಲಕ್ಕೆ ಎಳೆದರೆ ಅವರು ಹಿಂದಕ್ಕೆ ವಾಲುವುದನ್ನೇ ಕಲಿಯುತ್ತಾರೆ.

ನಿಂತು ಮಾಡುವ ಸಮತೋಲನದ ಅಭ್ಯಾಸ?

ಅಡುಗೆಮನೆಯ ಕಟ್ಟೆ ಬಹಳ ಒಳ್ಳೆಯ ಸಲಕರಣೆ. ಅದರ ಎದುರು ನಿಲ್ಲಿಸಿ, ಹಿಂದೆ ಕುರ್ಚಿ ಇಡಿ, ಸೋತ ಬದಿಗೆ ನೀವು ನಿಲ್ಲಿ. ಬರಿಗಾಲು ಅಥವಾ ಹಿಂದೆ ಪಟ್ಟಿಯಿರುವ ಚಪ್ಪಲಿ, ಹವಾಯಿ ಚಪ್ಪಲಿ ಬೇಡ.

ಮೊದಲು ಎರಡೂ ಕಾಲಿನ ಮೇಲೆ ಸಮಭಾರ. ಫಿಸಿಯೋ ಇದ್ದಾಗ ಎರಡು ತೂಕದ ಯಂತ್ರಗಳ ಮೇಲೆ ಒಂದೊಂದು ಕಾಲಿಡಿಸಿ ನೋಡಿಸಿ. 60 ಕೆ.ಜಿ. ಮನುಷ್ಯ ಗಟ್ಟಿ ಕಾಲಿನ ಮೇಲೆ 42, ಸೋತ ಕಾಲಿನ ಮೇಲೆ 18 ಹಾಕಿದ್ದರೂ ‘ಸರಿಯಾಗಿ ನಿಂತಿದ್ದೀನಿ’ ಎಂದೇ ಹೇಳಬಹುದು. ಅಂಕಿ ಕಣ್ಣಿಗೆ ಬಿದ್ದಾಗ ಮಾತ್ರ ಅದು ಅರ್ಥವಾಗುತ್ತದೆ. ನಂತರ ಭಾರವನ್ನು ಎಡಬಲಕ್ಕೆ ಸರಿಸುವುದು, ಗಟ್ಟಿ ಪಾದವನ್ನು 10 ಸೆಂ.ಮೀ. ಮಣೆಯ ಮೇಲೆ ಇಟ್ಟು ತೆಗೆಯುವುದು (ಆ ಹೊತ್ತು ಸೋತ ಕಾಲು ಒಂಟಿಯಾಗಿ ಭಾರ ಹೊರುತ್ತದೆ), ಶೆಲ್ಫಿನಿಂದ ಡಬ್ಬಿ ಇಳಿಸುವುದು, ಕಟ್ಟೆಯ ಉದ್ದಕ್ಕೂ ಅಡ್ಡಹೆಜ್ಜೆ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಿಲ್ಲುವುದು, ಕಣ್ಣು ಮುಚ್ಚಿ ನಿಲ್ಲುವುದು ಎಲ್ಲಕ್ಕಿಂತ ಕೊನೆಗೆ. ಮಂಡಿ ಹಿಂದಕ್ಕೆ ಬಾಗಿ ಲಾಕ್ ಆಗುತ್ತಿದ್ದರೆ ಮುಂದುವರಿಸುವ ಮುಂಚೆ ಫಿಸಿಯೋಗೆ ತೋರಿಸಿ.

ದಿನಕ್ಕೆ ಎಷ್ಟು ಹೊತ್ತು?

ಬಹಳಷ್ಟು ಪ್ರಯೋಗಗಳಲ್ಲಿ ನಡುವಿನ ತರಬೇತಿಗೆಂದೇ ದಿನಕ್ಕೆ 30 ನಿಮಿಷ, ವಾರಕ್ಕೆ 3ರಿಂದ 5 ದಿನ, 4ರಿಂದ 8 ವಾರ ಕೊಟ್ಟಿದ್ದಾರೆ. ಮನೆಯಲ್ಲಿ ಇದನ್ನು 10–15 ನಿಮಿಷದ ಮೂರು ತುಂಡು ಮಾಡಿದರೆ ದಣಿವು ಕಡಿಮೆ. ಲಕ್ವದ ನಂತರದ ಆಯಾಸ ಸೋಮಾರಿತನವಲ್ಲ, ಮೆದುಳಿನದ್ದೇ ಆಯಾಸ. ಹತ್ತರಲ್ಲಿ ಎಂಟು ಸಲ ಸರಿಯಾಗಿ ಬಂದರೆ ಸ್ವಲ್ಪ ಕಷ್ಟ ಮಾಡಿ, ಐದಕ್ಕಿಂತ ಕಡಿಮೆ ಬಂದರೆ ಸುಲಭ ಮಾಡಿ.

ನೆಟ್ಟಗೆ ಕೂರಿಸಲು ಹೋದರೆ ಅವರೇ ಸೋತ ಬದಿಗೆ ಜೋರಾಗಿ ತಳ್ಳುತ್ತಾರೆ. ಹಟವೇ?

ಹಟವಲ್ಲ. ಇದಕ್ಕೆ ‘ಪುಶರ್ ಸಿಂಡ್ರೋಮ್’ ಎನ್ನುತ್ತಾರೆ. ಪ್ಯಾಟ್ರಿಶಿಯಾ ಡೇವಿಸ್ ಎಂಬ ಫಿಸಿಯೋಥೆರಪಿಸ್ಟ್ 1985ರಲ್ಲಿ ಇದನ್ನು ವಿವರಿಸಿದರು. ಗೋಡೆ ಕಟ್ಟುವವರ ತೂಗುಗುಂಡಿನಂತೆ, ನೆಟ್ಟಗೆ ಎಂದರೆ ಯಾವ ಕಡೆ ಎಂದು ಹೇಳುವ ಅಳತೆ ಮೆದುಳಿನಲ್ಲೂ ಇದೆ. ಇವರಲ್ಲಿ ಅದು ಸರಿದಿರುತ್ತದೆ. ನಿಜವಾಗಿ ನೆಟ್ಟಗೆ ಕೂತಾಗಲೇ ಅವರಿಗೆ ಬೀಳುತ್ತಿದ್ದೇನೆ ಅನ್ನಿಸುತ್ತದೆ. ನೀವು ಎದುರು ತಳ್ಳಿದಷ್ಟೂ ಅವರು ಇನ್ನೂ ಜೋರಾಗಿ ತಳ್ಳುತ್ತಾರೆ, ಇಬ್ಬರಿಗೂ ಬೆವರು.

ಸಮಾಧಾನದ ವಿಷಯವೆಂದರೆ ಕಣ್ಣಿನ ಲೆಕ್ಕ ಸಾಮಾನ್ಯವಾಗಿ ಸರಿಯಾಗಿರುತ್ತದೆ. ಬಾಗಿಲ ಚೌಕಟ್ಟು ಅಥವಾ ಕಂಬದ ಎದುರು ಕೂರಿಸಿ, ‘ಆ ಚೌಕಟ್ಟು ನೆಟ್ಟಗಿದೆಯಾ? ನೀವು?’ ಎಂದು ಕೇಳಿ. ತಾವು ಓರೆಯಾಗಿದ್ದೇವೆ ಎಂದು ಅವರೇ ಕಂಡುಕೊಳ್ಳಬೇಕು. ನಂತರ ಗಟ್ಟಿ ಬದಿಯನ್ನು ಗೋಡೆಯ ಪಕ್ಕಕ್ಕೆ ತಂದು, ‘ಭುಜ ಗೋಡೆಗೆ ತಾಗಿಸಿ’ ಎನ್ನಿ, ಅಥವಾ ಗಟ್ಟಿ ಬದಿಯಲ್ಲಿ ದೂರವಿಟ್ಟ ವಸ್ತುವನ್ನು ಎತ್ತಿಕೊಳ್ಳಲು ಹೇಳಿ. ಗಟ್ಟಿ ಕೈಗೆ ಹಿಡಿಯಲು ಕಂಬಿ ಕೊಡಬೇಡಿ, ಕೊಟ್ಟರೆ ಅದನ್ನೇ ಹಿಡಿದು ತಳ್ಳುತ್ತಾರೆ. ಹೆಚ್ಚಿನವರಲ್ಲಿ ಇದು ಆರು ತಿಂಗಳೊಳಗೆ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಒಬ್ಬರೇ ಇವರನ್ನು ನಿಲ್ಲಿಸುವ ಪ್ರಯತ್ನ ಮಾಡಬಾರದು.

ಎಡಗಡೆ ಇರುವುದನ್ನು ಗಮನಿಸುವುದೇ ಇಲ್ಲ. ತಟ್ಟೆಯ ಎಡಭಾಗದ ಅನ್ನವೂ ಹಾಗೇ ಉಳಿಯುತ್ತದೆ.

ಮೆದುಳಿನ ಬಲಭಾಗಕ್ಕೆ ಪೆಟ್ಟಾದಾಗ ಹೀಗಾಗುವುದು ಹೆಚ್ಚು. ಕಣ್ಣು ಕಾಣುತ್ತದೆ, ಲಕ್ಷ್ಯ ಹೋಗುವುದಿಲ್ಲ. ಮಾತಾಡಿಸುವಾಗ ಎಡಗಡೆಯಿಂದ ಬನ್ನಿ, ಚಾಚುವ ವ್ಯಾಯಾಮದ ವಸ್ತುವನ್ನು ಮಧ್ಯದಿಂದ ಸ್ವಲ್ಪ ಸ್ವಲ್ಪವೇ ಎಡಕ್ಕೆ ಸರಿಸಿ. ಇಂಥವರು ಬಾಗಿಲ ಚೌಕಟ್ಟಿಗೆ ಡಿಕ್ಕಿ ಹೊಡೆದು ಆಯತಪ್ಪಿ ಬೀಳುವುದು ಜಾಸ್ತಿ, ಒಂಟಿಯಾಗಿ ನಡೆಯಲು ಬಿಡಬೇಡಿ.

ಎಣ್ಣೆ ಮಸಾಜು, ಕರೆಂಟು, ಸ್ಪಂಜಿನ ಚೆಂಡು, ಪಾರಿವಾಳದ ರಕ್ತ?

ಎಣ್ಣೆ ಹಚ್ಚಿದರೆ ಹಿತ, ತೊಂದರೆಯಿಲ್ಲ, ಆದರೆ ಮಲಗಿಸಿ ತಿಕ್ಕಿಸಿಕೊಂಡವರಿಗೆ ಸಮತೋಲನ ಬರುವುದಿಲ್ಲ. ಸಮತೋಲನ ಎಂಬುದು ಈಜಿನ ಹಾಗೆ, ಅವರೇ ಮಾಡಬೇಕು. ಕರೆಂಟಿನ ಉತ್ತೇಜನಕ್ಕೆ ಕೆಲವರಲ್ಲಿ ಪಾತ್ರವಿದೆ, ಅದೊಂದೇ ಚಿಕಿತ್ಸೆಯಾದರೆ ಪ್ರಯೋಜನ ಕಡಿಮೆ. ನೋಡಲು ಬಂದ ನೆಂಟರೆಲ್ಲ ನಗುಮುಖದ ಸ್ಪಂಜಿನ ಚೆಂಡು ತಂದುಕೊಡುತ್ತಾರೆ. ಬಿಗಿತ ಬಂದ ಕೈಯಲ್ಲಿ ಮುಷ್ಟಿ ಬಿಚ್ಚುವುದೇ ಕಷ್ಟವಾಗಿರುವಾಗ ಹಿಸುಕುವ ಅಭ್ಯಾಸದಿಂದ ಲಾಭವಿಲ್ಲ. ಪಾರಿವಾಳದ ರಕ್ತ ಹಚ್ಚುವುದರಿಂದ ಏನೂ ಆಗುವುದಿಲ್ಲ. ನಾಟಿ ಔಷಧಕ್ಕೆ ಹೋಗುವವರು ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿಬಿಡುವುದು ಮಾತ್ರ ನಿಜವಾದ ಅಪಾಯ.

ದೊಡ್ಡ ಗಾಳಿಚೆಂಡಿನ ಮೇಲೆ ಕೂರಿಸಬಹುದೇ ಎಂದೂ ಕೇಳುತ್ತಾರೆ. ಅಲುಗಾಡುವ ಆಸನದಲ್ಲಿ ಮಾಡಿಸಿದ ತರಬೇತಿಗೂ ಒಳ್ಳೆಯ ಫಲವಿದೆ. ಆದರೆ ಮನೆಯಲ್ಲಿ ಒಬ್ಬರೇ ಮಾಡಿಸುವಂಥದ್ದಲ್ಲ. ಗಟ್ಟಿ ಬೆಂಚಿನ ಮೇಲೆ ಎಲ್ಲವೂ ಬಂದ ಮೇಲೆ ಮಡಚಿದ ಜಮಖಾನ ಅಥವಾ ದಿಂಬಿನ ಮೇಲೆ ಕೂರಿಸಿ, ಅಷ್ಟು ಅಲುಗಾಟ ಸಾಕು.

ಸೋತ ಭುಜ ನೋಯುತ್ತದೆ. ವ್ಯಾಯಾಮದಿಂದಲೇ ಆಯಿತೇ?

ಇರಬಹುದು. ಸ್ನಾಯುಗಳ ಹಿಡಿತ ಹೋದ ಭುಜದ ಕೀಲು ಕೈಯ ಭಾರಕ್ಕೇ ಕೆಳಗೆ ಜಾರುತ್ತದೆ. ಆಗ ಕೈ ಹಿಡಿದು ಎಬ್ಬಿಸುವುದು, ಕಂಕುಳಿಗೆ ಕೈಹಾಕಿ ಎತ್ತುವುದು, ಮೇಲೆ ರಾಟೆ ಕಟ್ಟಿ ಹಗ್ಗದಿಂದ ಕೈ ಎಳೆಸುವುದು, ಮೂರೂ ಕೀಲನ್ನು ಹಾಳುಮಾಡುತ್ತವೆ. ರಾಟೆಯನ್ನು ಈಗಲೂ ಕೆಲವು ಮನೆಗಳಲ್ಲಿ ಉತ್ಸಾಹದಿಂದ ಕಟ್ಟಿಸುತ್ತಾರೆ, ಇಳಿಸಿಬಿಡಿ. ಕೂತು ವ್ಯಾಯಾಮ ಮಾಡುವಾಗ ಸೋತ ಕೈ ನೇತಾಡದಂತೆ ದಿಂಬಿನ ಮೇಲೆ ಅಥವಾ ಟೇಬಲಿನ ಮೇಲಿರಲಿ.

ಬಚ್ಚಲುಮನೆ, ಕಕ್ಕಸು, ನೆಲದ ಮೇಲೆ ಊಟ?

ಬಚ್ಚಲಲ್ಲಿ ನಿಂತು ಸ್ನಾನ ಬೇಡ. ಕಾಲಿಗೆ ರಬ್ಬರ್ ಬುಷ್ ಇರುವ ಗಟ್ಟಿ ಸ್ಟೂಲು, ಗಟ್ಟಿ ಕೈಯ ಕಡೆ ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ ಕಂಬಿ ಬೇಕು. ಟವೆಲ್ ಹಾಕುವ ರಾಡು ಮನುಷ್ಯನ ಭಾರ ತಡೆಯದು. ನೀರಿನ ಬಕೆಟ್ಟು ನೆಲದಲ್ಲಿದ್ದರೆ ಚೆಂಬಿಗೆ ಬಾಗುವಾಗಲೇ ಆಯ ತಪ್ಪುತ್ತದೆ, ಅದನ್ನು ಇನ್ನೊಂದು ಸ್ಟೂಲಿನ ಮೇಲಿಡಿ. ಭಾರತೀಯ ಶೈಲಿಯ ಕಕ್ಕಸಿನ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತದೆ. ಹೊಸ್ತಿಲಿಗೆ ಎದ್ದು ಕಾಣುವ ಬಣ್ಣ ಬಳಿಯಿರಿ, ಕಾಲೊರೆಸುವ ಬಟ್ಟೆಗಳನ್ನು ತೆಗೆದುಬಿಡಿ.

ಚಕ್ಕಳಮಕ್ಕಳ ಹಾಕಿ ಕೂರುವುದು ನಡುವಿಗೆ ಒಳ್ಳೆಯ ಕೆಲಸವೇ. ಆದರೆ ನೆಲದಿಂದ ಏಳಲು ಬರುವವರೆಗೆ ಮಂಚದ ಮೇಲೆ ಹಾಗೆ ಕೂರಿಸಿ. ಏಳುವ ಕ್ರಮ ಹೀಗೆ: ಗಟ್ಟಿ ಬದಿಗೆ ಹೊರಳಿ ಕೂರುವುದು, ಅಂಬೆಗಾಲಿನ ಭಂಗಿಗೆ ಬರುವುದು, ಎದುರಿನ ಕುರ್ಚಿಗೆ ಗಟ್ಟಿ ಕೈ ಊರುವುದು, ಗಟ್ಟಿ ಪಾದ ಮುಂದಿಟ್ಟು ಏಳುವುದು. ಬೀಳುವ ಮುಂಚೆಯೇ ಇದನ್ನು ಕಲಿಸಿಟ್ಟಿರಿ. ಬಿದ್ದರೆ ಕೂಡಲೇ ಎಬ್ಬಿಸಬೇಡಿ. ಸೊಂಟ ನೋಯುತ್ತಿದೆಯೇ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದೆಯೇ ನೋಡಿ. ಸೋತ ಬದಿಯ ಎಲುಬು ಬಳಕೆಯಿಲ್ಲದೆ ಸವೆದಿರುತ್ತದೆ, ಸಣ್ಣ ಬೀಳಿಗೂ ಮುರಿಯಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆಗೆ ಪೆಟ್ಟಾದರೆ, ಅವರು ಚೆನ್ನಾಗಿದ್ದಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ.

ಸುಧಾರಿಸುತ್ತಿದ್ದಾರೆ ಎಂದು ಹೇಗೆ ತಿಳಿಯುವುದು?

ಎರಡು ಅಳತೆ ಮನೆಯಲ್ಲೇ ಆಗುತ್ತವೆ. ಗೋಡೆಗೆ ಗಟ್ಟಿ ಭುಜದ ಎತ್ತರಕ್ಕೆ ಟೇಪು ಅಂಟಿಸಿ, ನಿಂತಲ್ಲೇ ಹೆಜ್ಜೆ ಕದಲಿಸದೆ ಕೈ ಎಷ್ಟು ಮುಂದೆ ಹೋಗುತ್ತದೆ ನೋಡಿ. 15 ಸೆಂ.ಮೀ. ಒಳಗಿದ್ದರೆ ಬೀಳುವ ಅಪಾಯ ಹೆಚ್ಚು, 25 ದಾಟಿದರೆ ಕಡಿಮೆ. ಇನ್ನೊಂದು, ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರಲು ಹಿಡಿಯುವ ಸಮಯ. ಸುಮಾರು 14 ಸೆಕೆಂಡಿಗಿಂತ ಹೆಚ್ಚಾದರೆ ಜೊತೆಗೊಬ್ಬರು ಬೇಕು. ಎರಡು ವಾರಕ್ಕೊಮ್ಮೆ ಬರೆದಿಡಿ, ದಿನಾ ಅಳೆದರೆ ಬೇಸರವೇ ಲಾಭ.

ಫಿಸಿಯೋ ಚೀಟಿಯಲ್ಲಿ ‘ಟಿಐಎಸ್’ ಎಂದಿದ್ದರೆ ಅದು ನಡುವಿನ ಹಿಡಿತದ ಅಂಕ, ಒಟ್ಟು 23. ‘ಬರ್ಗ್’ ಎಂದರೆ 14 ಕೆಲಸಗಳ ಸಮತೋಲನ ಪರೀಕ್ಷೆ, ಒಟ್ಟು 56. ಅದರಲ್ಲಿ 45ಕ್ಕಿಂತ ಕಡಿಮೆ ಇದ್ದವರ ಬಗ್ಗೆ ಎಚ್ಚರ ಬೇಕು.

ಆರು ತಿಂಗಳಾಯಿತು. ಇನ್ನು ಸುಧಾರಣೆ ಇಲ್ಲ ಎನ್ನುತ್ತಾರಲ್ಲ?

ಮೊದಲ ಮೂರು ತಿಂಗಳಲ್ಲಿ ವೇಗ ಹೆಚ್ಚು, ನಂತರ ನಿಧಾನ. ಬಾಗಿಲು ಮುಚ್ಚುವುದಿಲ್ಲ. ಮೇಲೆ ಹೇಳಿದ 1997ರ ಪ್ರಯೋಗದವರೆಲ್ಲ ವರ್ಷ ದಾಟಿದವರೇ. ಬಿಟ್ಟರೆ ಇಳಿಯುವುದೂ ನಿಜ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ವಿಭಾಗವಿದೆ. ದೂರದ ಊರಿನವರು ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ವಿಚಾರಿಸಿ. ತಿಂಗಳಿಗೊಮ್ಮೆ ತೋರಿಸಿ ಹೊಸ ಪಟ್ಟಿ ಬರೆಸಿಕೊಂಡು ಬಂದರೂ ಆಗುತ್ತದೆ.

ಅಪ್ಪ ‘ವ್ಯಾಯಾಮ ಬೇಡ’ ಎಂದು ಮುಖ ತಿರುಗಿಸುತ್ತಾರೆ. ಏನು ಮಾಡುವುದು?

ಮೊದಲು ಖಿನ್ನತೆ ಇದೆಯೇ ವೈದ್ಯರನ್ನು ಕೇಳಿ. ಲಕ್ವದ ನಂತರ ಅದು ಬಹಳ ಸಾಮಾನ್ಯ, ಔಷಧವೂ ಇದೆ. ಅದಿಲ್ಲವಾದರೆ ವ್ಯಾಯಾಮ ಎಂಬ ಮಾತನ್ನೇ ಬಿಟ್ಟು ಕೆಲಸ ಕೊಡಿ. ಬೆಂಚಿನ ಮೇಲೆ ಕೂರಿಸಿ, ಅವರೆಕಾಯಿಯ ಬುಟ್ಟಿಯನ್ನು ಸೋತ ಬದಿಯಲ್ಲಿ ಕೈಯಳತೆಗೆ ಸ್ವಲ್ಪ ಆಚೆ, ಕಾಳಿನ ಪಾತ್ರೆಯನ್ನು ಗಟ್ಟಿ ಬದಿಯಲ್ಲಿ ನೆಲದ ಮೇಲಿಡಿ. ಒಂದು ಕೈಯಲ್ಲಿ ಸುಲಿಯುವುದು ಕಷ್ಟವಾದರೆ ನೀವು ಪಕ್ಕದಲ್ಲಿ ಕೂತು ಸುಲಿಯಿರಿ, ಕಾಯಿ ಎತ್ತಿಕೊಡುವುದು, ಕಾಳು ಹಾಕುವುದು ಅವರದ್ದಾಗಲಿ. ಅರ್ಧ ಕೆ.ಜಿ. ಮುಗಿಯುವಷ್ಟರಲ್ಲಿ ಎಡಕ್ಕೂ ಬಲಕ್ಕೂ ನೂರು ಸಲ ನಡು ಬಾಗಿರುತ್ತದೆ. ಬುಟ್ಟಿ ಹತ್ತಿರಕ್ಕೆ ಎಳೆದುಕೊಳ್ಳದಂತೆ ಮಾತ್ರ ನೋಡಿಕೊಳ್ಳಿ.